ಕೈಗೆ ಒಗ್ಗುವ ರ್ಯಾಚೆಟ್ ಆರಿಸಿಕೊಳ್ಳುವುದು ಹೇಗೆ

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಹೋಗುವಂತಿಲ್ಲ. ಆ ಎರಡು ತಿಂಗಳು ಕಾರವಾರದ ಬೈತಖೋಲ ಬಂದರಿನಲ್ಲಿ ಎಂಜಿನ್ ಕೆಲಸ ಜಾಸ್ತಿ. ಹೊರಗೆ ಮಳೆ ಹೊಡೆಯುತ್ತಿರುತ್ತದೆ. ಬೋಟಿನ ಹೊಟ್ಟೆಯೊಳಗೆ ಒಬ್ಬ ಮಂಡಿಯೂರಿ ಕೂತಿರುತ್ತಾನೆ. ಕೈ ತೂರುವಷ್ಟೇ ಜಾಗ. ಬೋಲ್ಟು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಅಂಥ ಕಡೆ ಮಾಮೂಲಿ ಪಾನಾ ಹಿಡಿದರೆ ಒಂದು ಬೋಲ್ಟಿಗೆ ಹತ್ತು ನಿಮಿಷ. ಒಳ್ಳೆಯ ರ್ಯಾಚೆಟ್, ಅಂದರೆ ಬೋಲ್ಟಿನಿಂದ ತೆಗೆಯದೆ ಹಿಂದೆ ಮುಂದೆ ಆಡಿಸಿಯೇ ಬಿಚ್ಚುವ ಪಾನಾ, ಇದ್ದರೆ ಒಂದೇ ನಿಮಿಷ.

ನಾನು ಕೆಲಸ ಕಲಿತದ್ದು ಅಲ್ಲೇ, ಬೋಟಿನ ಎಂಜಿನ್‌ಗಳ ಮೇಲೆ. ಈಗ ಶಿರಸಿ ಕಡೆ ತೋಟದ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ. ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು, ಟಿಲ್ಲರ್, ಅಡಿಕೆ ಸುಲಿಯುವ ಯಂತ್ರ, ನಡುವೆ ಬೈಕು, ಜೀಪು. ಘಟ್ಟದ ಕೆಳಗೆ ಉಪ್ಪುಗಾಳಿ, ಘಟ್ಟದ ಮೇಲೆ ಬಿಡದ ಮಳೆ. ಎರಡೂ ಕಡೆ ಕಬ್ಬಿಣಕ್ಕೆ ಸುಖ ಇಲ್ಲ. ಆದ್ದರಿಂದ ಬೇರೆ ಊರಿನವರು ಕೊಡುವ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ. ನಮ್ಮ ಕಡೆ ರ್ಯಾಚೆಟ್ ಆರಿಸುವಾಗ ನಾನು ಎರಡು ಮಾತು ಬಿಡುವುದಿಲ್ಲ. ರ್ಯಾಚೆಟ್ ಇರುವುದು ಕೆಲಸ ಬೇಗ ಆಗಲಿಕ್ಕೆ, ಜೋರು ಹಾಕಲಿಕ್ಕೆ ಅಲ್ಲ. ಮತ್ತೆ, ತಲೆ ಬಿಚ್ಚಿ ತೊಳೆಯಲು ಬರದ ರ್ಯಾಚೆಟ್ ಎಷ್ಟೇ ಚೆಂದ ಇದ್ದರೂ ಬೇಡ. ಮುಂದೆ ಹೇಳುವುದೆಲ್ಲ ಈ ಎರಡು ಮಾತಿನಿಂದಲೇ ಹುಟ್ಟಿದ್ದು.

ಮೊದಲು ತಲೆಯೊಳಗೆ ಏನಿದೆ ಅಂತ ತಿಳಿಯಿರಿ

ರ್ಯಾಚೆಟ್ ತಲೆಯೊಳಗೆ ಒಂದು ಹಲ್ಲುಚಕ್ರ ಇದೆ. ಅದರ ಪಕ್ಕದಲ್ಲಿ ಒಂದು ಸಣ್ಣ ಕೊಕ್ಕೆ. ಕೊಕ್ಕೆಯನ್ನು ಹಿಂದಿನಿಂದ ಒಂದು ಪುಟ್ಟ ಸ್ಪ್ರಿಂಗು ದೂಡುತ್ತಿರುತ್ತದೆ. ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಕೊಕ್ಕೆ ಹಲ್ಲಿಗೆ ಸಿಕ್ಕಿ ಚಕ್ರವನ್ನು ಜೊತೆಗೆ ಎಳೆದೊಯ್ಯುತ್ತದೆ. ವಾಪಸು ತಂದರೆ ಹಲ್ಲುಗಳ ಮೇಲೆ ಜಾರಿ ಹೋಗುತ್ತದೆ. ಆ ಕಟಕಟ ಸದ್ದು ಬರುವುದು ಜಾರುವಾಗ. ತಲೆಯ ಮೇಲಿನ ಸಣ್ಣ ಲಿವರ್ ಒತ್ತಿದರೆ ಕೊಕ್ಕೆ ಆಚೆ ಬದಿಗೆ ವಾಲುತ್ತದೆ. ಆಗ ಬಿಚ್ಚುವ ಬದಲು ಬಿಗಿಯುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ನೀವು ಎಷ್ಟೇ ಜೋರು ಹಾಕಿದರೂ ಅದೆಲ್ಲ ಹೋಗಿ ಕೂರುವುದು ಆ ಕೊಕ್ಕೆಯ ನಾಲ್ಕಾರು ಹಲ್ಲುಗಳ ಮೇಲೆ. ಉಳಿದ ಉಕ್ಕೆಲ್ಲ ದಪ್ಪ ಇದ್ದು ಏನೂ ಬಂದ ಹಾಗಾಗಲಿಲ್ಲ. ಅಂಗಡಿಯಲ್ಲಿ ರ್ಯಾಚೆಟ್ ಕೈಗೆ ಭಾರ ಅನ್ನಿಸಿದರೆ 'ಗಟ್ಟಿ ಇದೆ' ಅಂದುಕೊಳ್ಳುತ್ತೇವೆ, ಅಲ್ವಾ? ಭಾರ ಇರುವುದು ಹಿಡಿಯಲ್ಲಿ. ಗಟ್ಟಿ ಇರಬೇಕಾದದ್ದು ಕೊಕ್ಕೆಯಲ್ಲಿ.

ಹೆಜ್ಜೆ 1: ಹದಿನೈದು ದಿನ ನೋಟ್‌ಬುಕ್ಕಿನಲ್ಲಿ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಈ ಕೆಲಸ ಮಾಡಿ. ಹದಿನೈದು ದಿನ, ಯಾವ ಬೋಲ್ಟು ಬಿಚ್ಚಿದರೂ ಅದರ ಅಳತೆ ಬರೆದಿಡಿ. ಪಕ್ಕದಲ್ಲಿ 'ಜಾಗ ಇತ್ತು' ಅಥವಾ 'ಜಾಗ ಇರಲಿಲ್ಲ' ಅಂತ ಒಂದು ಗುರುತು ಹಾಕಿ. ಇಷ್ಟು ಮಾಡಿದರೆ ನಿಮಗೆ ಯಾವ ರ್ಯಾಚೆಟ್ ಬೇಕು ಅಂತ ಆ ಪುಟವೇ ಹೇಳುತ್ತದೆ.

ನಮ್ಮ ಕಡೆ ಸಿಗುವ ಅಳತೆಗಳು ಸುಮಾರಾಗಿ ಹೀಗಿವೆ. 6 ಎಂಎಂ ಬೋಲ್ಟಿನ ತಲೆಗೆ 10ರ ಸಾಕೆಟ್ (ರ್ಯಾಚೆಟ್ಟಿಗೆ ಸಿಕ್ಕಿಸಿ ಬೋಲ್ಟಿನ ತಲೆಯ ಮೇಲೆ ಕೂರಿಸುವ ಬಟ್ಟಲು). 8 ಎಂಎಂ ಬೋಲ್ಟಿಗೆ ಜಪಾನಿ ಮೂಲದ ಗಾಡಿಗಳಲ್ಲಿ 12, ಬೇರೆಯವುಗಳಲ್ಲಿ 13. 10 ಎಂಎಂ ಬೋಲ್ಟಿಗೆ ಜಪಾನಿ ಪದ್ಧತಿಯಲ್ಲಿ 14, ಬೇರೆ ಕಡೆ 16 ಅಥವಾ 17. 12 ಎಂಎಂ ಬೋಲ್ಟಿಗೆ 17, 18 ಅಥವಾ 19. ಹೀಗಾಗಿ ಮಾರುತಿ ಕಾರು ಮತ್ತು ಜಪಾನಿ ಮೂಲದ ಬೈಕು ಜಾಸ್ತಿ ಬರುವವರಿಗೆ 10, 12, 14 ಸವೆಯುತ್ತವೆ. ಟಾಟಾ, ಮಹೀಂದ್ರಾ ಗಾಡಿಗಳು ಜಾಸ್ತಿ ಬಂದರೆ 10, 13, 17. ಹಳೆಯ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ಇನ್ನೂ ಕೆಲವು ಮನೆಗಳಲ್ಲಿ ಇದೆ. ಅದರಲ್ಲಿ ವಿಟ್‌ವರ್ತ್ ಅಂತ ಬೇರೆಯೇ ಇಂಚಿನ ಅಳತೆ. ಅದಕ್ಕೆ ಎಂಎಂ ಸಾಕೆಟ್ ಹಾಕಿ 'ಸ್ವಲ್ಪ ಸಡಿಲ, ನಡೆಯುತ್ತದೆ' ಅನ್ನಬೇಡಿ. ಬೋಲ್ಟಿನ ಮೂಲೆ ಹೋಗುವುದು ಹಾಗೆಯೇ.

ನನ್ನದೇ ಪುಟ ನೋಡಿದಾಗ ನನಗೆ ಆಶ್ಚರ್ಯ ಆಗಿತ್ತು. ದೊಡ್ಡ ದೊಡ್ಡ ಬೋಲ್ಟುಗಳೇ ದಿನವಿಡೀ ಬಿಚ್ಚುತ್ತೇನೆ ಅಂದುಕೊಂಡಿದ್ದೆ. ಬರೆದು ನೋಡಿದರೆ ಮುಕ್ಕಾಲು ಪಾಲು 10, 12, 13. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ 'ಜಾಗ ಇರಲಿಲ್ಲ'.

ಹೆಜ್ಜೆ 2: ಡ್ರೈವ್ ಅಳತೆ

ಸಾಕೆಟ್ ಕೂರುವ ಚೌಕದ ಅಗಲಕ್ಕೆ ಡ್ರೈವ್ ಅನ್ನುತ್ತಾರೆ. ಸಾಕೆಟ್ಟಿಗೆ ಕೆಲವು ಗ್ಯಾರೇಜುಗಳಲ್ಲಿ ಗೋಟಿ ಅಂತಲೂ ಹೇಳುತ್ತಾರೆ. ನಮಗೆ ಬೇಕಾದದ್ದು ಮೂರು ಅಳತೆ: ಕಾಲು ಇಂಚು, 3/8 ಇಂಚು, ಅರ್ಧ ಇಂಚು. ಎಂಎಂ ಲೆಕ್ಕದಲ್ಲಿ 6.35, 9.5, 12.7. ಮುಕ್ಕಾಲು ಇಂಚಿನದೂ ಇದೆ. ಅದು ಲಾರಿ, ದೊಡ್ಡ ಬೋಟ್ ಎಂಜಿನ್ ಮಾಡುವವರಿಗೆ.

ನಮ್ಮ ಕಡೆ ಎಲ್ಲರೂ ಮೊದಲು ಕೊಳ್ಳುವುದು ಅರ್ಧ ಇಂಚಿನ ಸೆಟ್. ಅಂಗಡಿಯವರು ಮೊದಲು ತೋರಿಸುವುದೂ ಅದನ್ನೇ. ಅದು ತಪ್ಪಲ್ಲ, ಆದರೆ ದಿನನಿತ್ಯದ ಕೆಲಸಕ್ಕೆ ಅದು ದೊಡ್ಡದು. ಲೆಕ್ಕ ಹಾಕಿ ನೋಡೋಣ. ಒಂದು ಮೀಟರ್ ಉದ್ದದ ಹಿಡಿಯ ತುದಿಗೆ 10 ಕೆಜಿ ಭಾರ ಹಾಕಿದರೆ ಬೋಲ್ಟಿಗೆ ಬೀಳುವ ತಿರುಚು ಸುಮಾರು 100 ನ್ಯೂಟನ್ ಮೀಟರ್. 8.8 ಗ್ರೇಡಿನ (ಅದು ಬೋಲ್ಟಿನ ಗಟ್ಟಿತನದ ಗುರುತು) ಸಾಮಾನ್ಯ ಬೋಲ್ಟುಗಳಿಗೆ ಬೇಕಾದ ಬಿಗಿ ಅಂದಾಜು ಹೀಗೆ: 6 ಎಂಎಂಗೆ 10, 8 ಎಂಎಂಗೆ 25, 10 ಎಂಎಂಗೆ 50, 12 ಎಂಎಂಗೆ 85. ಅಲ್ಯೂಮಿನಿಯಂ ಕೇಸಿಂಗಿಗೆ ಕೂರುವ ಬೋಲ್ಟಾದರೆ ಇನ್ನೂ ಕಡಿಮೆ, ಅದನ್ನು ಗಾಡಿಯ ಪುಸ್ತಕದಲ್ಲೇ ನೋಡಬೇಕು.

ಅರ್ಧ ಇಂಚಿನ ರ್ಯಾಚೆಟ್ ಸುಮಾರು 25 ಸೆಂಟಿಮೀಟರ್ ಉದ್ದ ಇರುತ್ತದೆ. ಅದರಲ್ಲಿ 6 ಎಂಎಂ ಬೋಲ್ಟು ಬಿಗಿಯಲು ತುದಿಯಲ್ಲಿ ಬರೀ 4 ಕೆಜಿ ಸಾಕು. ನಾಲ್ಕು ಕೆಜಿ ಅಂದರೆ ಎರಡು ಬೆರಳಿನ ಜೋರು. ಕೈಗೆ ಗೊತ್ತೇ ಆಗುವುದಿಲ್ಲ. 'ಇನ್ನೊಂಚೂರು' ಅಂತ ಎಳೆಯುತ್ತೀರಿ, ಬೋಲ್ಟಿನ ತಲೆ ಕಳಚಿ ಕೈಗೆ ಬರುತ್ತದೆ. ಸ್ಕೂಟರಿನ ಎಂಜಿನ್ ಕವರಿನಲ್ಲಿ ತ್ರೆಡ್ (ಬೋಲ್ಟು ಕಚ್ಚುವ ಸುರುಳಿ ಗೀರು) ಹೋಗುವುದು ಬಹಳ ಸಲ ಹೀಗೆ.

ಅದಕ್ಕೇ ನಾನು ಹೇಳುವುದು: ಒಂದೇ ಒಂದು ರ್ಯಾಚೆಟ್ ಕೊಳ್ಳುವುದಾದರೆ 3/8 ಕೊಳ್ಳಿ. 18ರಿಂದ 20 ಸೆಂಟಿಮೀಟರ್ ಉದ್ದದ್ದು. 20 ಸೆಂಟಿಮೀಟರ್ ಹಿಡಿಗೆ 25 ಕೆಜಿ ಜೋರು ಕೊಟ್ಟರೆ ಸುಮಾರು 50 ನ್ಯೂಟನ್ ಮೀಟರ್ ಸಿಗುತ್ತದೆ. 8ರಿಂದ 17 ಅಥವಾ 19ರ ತನಕ ಸಾಕೆಟ್ ಹಾಕಬಹುದು. ಬೈಕು, ಕಾರಿನ ಎಂಜಿನ್ ಬೇ, ಪಂಪು, ಟಿಲ್ಲರ್, ಬಹುಪಾಲು ಕೆಲಸ ಇದರಲ್ಲೇ ಮುಗಿಯುತ್ತದೆ.

ಕಳೆ ಕೊಚ್ಚುವ ಯಂತ್ರ, ಚೈನ್ ಸಾ ಜಾಸ್ತಿ ಬರುವವರಿಗೆ ಕಾಲು ಇಂಚಿನದೂ ಬೇಕು. ಅವುಗಳಲ್ಲಿ ಅಲೆನ್ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವವು) ಮತ್ತು ನಕ್ಷತ್ರ ತಲೆಯ ಸ್ಕ್ರೂಗಳೇ ಜಾಸ್ತಿ. ಬೋಟಿನ ಕೆಲಸ, ಜೀಪಿನ ಅಡಿಭಾಗದ ಕೆಲಸ ಇದ್ದರೆ ಅರ್ಧ ಇಂಚು ಬೇಕೇ ಬೇಕು. ಆದರೆ ಅದು ಎರಡನೆಯದು.

ಹೆಜ್ಜೆ 3: ಹಲ್ಲು ಎಷ್ಟಿರಬೇಕು?

ಚಕ್ರದಲ್ಲಿ ಎಷ್ಟು ಹಲ್ಲು ಇವೆ ಅಂತ ಪೊಟ್ಟಣದ ಮೇಲೆ ಬರೆದಿರುತ್ತಾರೆ. 24, 36, 45, 72, 90 ಹೀಗೆ. 360ನ್ನು ಆ ಸಂಖ್ಯೆಯಿಂದ ಭಾಗಿಸಿ. 24 ಹಲ್ಲಿಗೆ 15 ಡಿಗ್ರಿ, 36ಕ್ಕೆ 10, 72ಕ್ಕೆ 5, 90ಕ್ಕೆ 4. ಒಂದು ಹಲ್ಲು ಮುಂದೆ ಹೋಗಲು ಹಿಡಿಯನ್ನು ಅಷ್ಟು ಡಿಗ್ರಿ ಆಡಿಸಬೇಕು.

ಡಿಗ್ರಿ ಅಂದರೆ ಅಂದಾಜು ಸಿಗುವುದಿಲ್ಲ. 20 ಸೆಂಟಿಮೀಟರ್ ಹಿಡಿಯ ತುದಿ ಎಷ್ಟು ಸರಿಯಬೇಕು ಅಂತ ಅಳೆದರೆ, 24 ಹಲ್ಲಿನದಕ್ಕೆ ಸುಮಾರು 52 ಎಂಎಂ. 36ಕ್ಕೆ 35 ಎಂಎಂ. 72ಕ್ಕೆ 17 ಎಂಎಂ, ಅಂದರೆ ಕಿರುಬೆರಳಿನ ಅಗಲ. ಬೋಟಿನ ಎಂಜಿನ್ನಿಗೂ ಪಕ್ಕದ ಹಲಗೆಗೂ ನಡುವೆ ಎರಡು ಬೆರಳು ಜಾಗ ಇದ್ದರೆ 72 ಹಲ್ಲಿನದು ಕೆಲಸ ಮಾಡುತ್ತದೆ. 24ರದ್ದು ಅಲ್ಲಿ ಸುಮ್ನೆ ಹಿಂದೆ ಮುಂದೆ ಆಡುತ್ತದೆ, ಬೋಲ್ಟು ಕದಲುವುದಿಲ್ಲ.

ಹಾಗಾದರೆ ಹಲ್ಲು ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ನನ್ನ ಅನುಭವದಲ್ಲಿ ಅಲ್ಲ. ಹಲ್ಲು ಜಾಸ್ತಿ ಆದ ಹಾಗೆ ಒಂದೊಂದು ಹಲ್ಲೂ ಸಣ್ಣದಾಗುತ್ತದೆ. ಒಳ್ಳೆಯ ತಯಾರಕರು ಅದಕ್ಕೆ ಕೊಕ್ಕೆಯನ್ನು ಅಗಲ ಮಾಡುತ್ತಾರೆ, ಒಟ್ಟಿಗೆ ಹಲವು ಹಲ್ಲು ಕಚ್ಚುವಂತೆ. ಕೆಲವರು ಎರಡು ಕೊಕ್ಕೆ ಹಾಕಿ ಅರ್ಧರ್ಧ ಹಲ್ಲಿನ ಅಂತರದಲ್ಲಿ ಕಚ್ಚುವಂತೆ ಮಾಡಿರುತ್ತಾರೆ. 60 ಹಲ್ಲಿನ ಚಕ್ರ ಆಗ 120ರಂತೆ ವರ್ತಿಸುತ್ತದೆ. ಅಗ್ಗದ ಮಾಲಿನಲ್ಲಿ ಹಲ್ಲು ಮಾತ್ರ ಸಣ್ಣ ಮಾಡಿರುತ್ತಾರೆ, ಕೊಕ್ಕೆ ಹಾಗೇ ಇರುತ್ತದೆ. ಸಣ್ಣ ಹಲ್ಲಿನ ಸಂದಿಗೆ ಮರಳು, ಒಣಗಿದ ಗ್ರೀಸು, ತುಕ್ಕಿನ ಪುಡಿ ತುಂಬಿದರೆ ಕೊಕ್ಕೆ ಪೂರ್ತಿ ಕೂರುವುದಿಲ್ಲ. ಜೋರು ಹಾಕಿದಾಗ ಜಾರುತ್ತದೆ. ನಮ್ಮ ಬಂದರುಗಳಲ್ಲಿ, ಕೆಸರಿನ ತೋಟಗಳಲ್ಲಿ ಈ ಕಸ ತುಂಬಲು ದಿನ ಜಾಸ್ತಿ ಬೇಕಾಗುವುದಿಲ್ಲ.

ಆದ್ದರಿಂದ 3/8ರಲ್ಲಿ 72 ಹಲ್ಲು ಆರಿಸಿ. ಅರ್ಧ ಇಂಚಿನದರಲ್ಲಿ 36 ಅಥವಾ 45 ಇದ್ದರೂ ಸಾಕು. ಅದನ್ನು ಬಳಸುವ ಕಡೆ ಹೆಚ್ಚಾಗಿ ಜಾಗ ಇರುತ್ತದೆ, ಹಲ್ಲು ದಪ್ಪ ಇರುವುದೇ ಒಳ್ಳೆಯದು.

ಹೆಜ್ಜೆ 4: ತಲೆ, ಲಿವರ್, ಗುಂಡಿ

ತಲೆ ಎರಡು ಆಕಾರದಲ್ಲಿ ಬರುತ್ತದೆ. ಒಂದು ಪೂರ್ತಿ ದುಂಡು, ಇನ್ನೊಂದು ಪೇರಲೆ ಹಣ್ಣಿನಂತೆ ಹಿಡಿಯ ಕಡೆ ಸಣ್ಣದಾಗುತ್ತ ಬರುವುದು. ಪೇರಲೆ ಆಕಾರದ್ದು ಸಾಮಾನ್ಯವಾಗಿ ಅಗಲ ಕಡಿಮೆ, ಸಂದಿಗೆ ಚೆನ್ನಾಗಿ ನುಗ್ಗುತ್ತದೆ. ದುಂಡು ತಲೆಯಲ್ಲಿ ದಿಕ್ಕು ಬದಲಿಸಲು ಹೆಚ್ಚಾಗಿ ತಿರುಗಿಸುವ ಬಿಲ್ಲೆ ಇರುತ್ತದೆ, ಲಿವರ್ ಇರುವುದಿಲ್ಲ. ಎಣ್ಣೆ ಕೈಯಲ್ಲಿ ಬಿಲ್ಲೆ ತಿರುಗಿಸುವುದು ಕಷ್ಟ. ಲಿವರ್ ಆದರೆ ಹೆಬ್ಬೆರಳಲ್ಲೇ ಆಗುತ್ತದೆ. ಆದರೆ ಲಿವರ್ ತೀರ ಎದ್ದು ನಿಂತಿದ್ದರೆ ಸಂದಿಯಲ್ಲಿ ಯಾವುದೋ ಪೈಪಿಗೆ ತಾಗಿ ತಾನೇ ದಿಕ್ಕು ಬದಲಿಸಿಕೊಳ್ಳುತ್ತದೆ. ತಲೆಯೊಳಗೆ ಹುದುಗಿದ ಗಿಡ್ಡ ಲಿವರ್ ನೋಡಿ ತಗೊಳ್ಳಿ.

ಒತ್ತಿದರೆ ಸಾಕೆಟ್ ಬಿಡಿಸುವ ಗುಂಡಿ ಇರುವುದು ಬಹಳ ಉಪಕಾರ. ಗುಂಡಿ ಇಲ್ಲದಿದ್ದರೆ ಸಣ್ಣ ಗುಂಡು ಮಾತ್ರ ಸಾಕೆಟ್ ಹಿಡಿದಿರುತ್ತದೆ. ಗ್ರೀಸಿನ ಕೈಯಲ್ಲಿ ಅದನ್ನು ಎಳೆದು ತೆಗೆಯಬೇಕು. ಈ ಗುಂಡಿಯನ್ನು ಕಂಡುಹಿಡಿದವನು ಪೀಟರ್ ರಾಬರ್ಟ್ಸ್ ಅಂತ, ಅಮೆರಿಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹುಡುಗ, ಆಗ ಅವನಿಗೆ 18 ವರ್ಷ. 1965ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಬೋಟಿನ ಕೆಲಸದಲ್ಲಿ ಮಾತ್ರ ಒಂದು ಎಚ್ಚರ: ಗುಂಡಿಗೆ ಏನಾದರೂ ತಾಗಿದರೆ ಸಾಕೆಟ್ ಎಂಜಿನ್ ಅಡಿಯ ಕೊಳಕು ನೀರಿಗೆ ಬೀಳುತ್ತದೆ, ಮತ್ತೆ ಸಿಗುವುದಿಲ್ಲ. ಗುಂಡಿ ತಲೆಯ ಮಟ್ಟದಲ್ಲೇ ಇದ್ದರೆ ಆ ಭಯ ಕಡಿಮೆ.

ಈಗ ನನಗೆ ಮುಖ್ಯವಾದದ್ದು. ತಲೆಯನ್ನು ತಿರುಗಿಸಿ ಹಿಂಬದಿ ನೋಡಿ. ಅಲ್ಲಿ ಎರಡು ಸ್ಕ್ರೂ ಅಥವಾ ಒಂದು ಲಾಕ್ ರಿಂಗ್ ಇದೆಯಾ? ಇದ್ದರೆ ಅದು ಬಿಚ್ಚಲು ಬರುವ ರ್ಯಾಚೆಟ್. ರಿವೆಟ್ ಹೊಡೆದು ಮುಚ್ಚಿದ್ದರೆ, ಒಳಗೆ ಉಪ್ಪು ನೀರು ಹೋದ ದಿನವೇ ಅದರ ಆಯಸ್ಸು ಇಳಿಯಲು ಶುರು. ಪೂರ್ತಿ ಸೀಲ್ ಮಾಡಿದ ತಲೆಯವೂ ಬರುತ್ತವೆ, ಧೂಳು ಹೋಗುವುದಿಲ್ಲ ಅಂತ. ಬೇರೆ ಊರಿಗೆ ಅದು ಸರಿ ಇರಬಹುದು. ಎರಡು ಮಳೆಗಾಲ ಕಳೆದ ಮೇಲೂ ಒಳಗೆ ಹಸಿ ಇಲ್ಲ ಅಂತ ನಾನು ನಂಬುವುದಿಲ್ಲ. ಬಿಚ್ಚಿ ನೋಡಲು ಬಂದರೆ ನಂಬಿಕೆಯ ಮಾತೇ ಬೇಡ.

ಕೆಲವು ಕಂಪನಿಗಳು ಒಳಗಿನ ಚಕ್ರ, ಕೊಕ್ಕೆ, ಸ್ಪ್ರಿಂಗು ಸೇರಿಸಿ ರಿಪೇರಿ ಕಿಟ್ ಮಾರುತ್ತಾರೆ. ನೀವು ಆರಿಸಿದ ಮಾದರಿಗೆ ಅದು ಸಿಗುತ್ತದಾ ಅಂತ ಕೇಳಿ. ಸಿಗುವುದಾದರೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ಅದನ್ನೇ ತಗೊಳ್ಳಿ.

ಹೆಜ್ಜೆ 5: ಹಿಡಿ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ರಬ್ಬರ್ ಹಿಡಿ ಅಂಗಡಿಯಲ್ಲಿ ಹಿತ ಅನ್ನಿಸುತ್ತದೆ. ಆದರೆ ಅಗ್ಗದ ರಬ್ಬರು ಡೀಸೆಲ್ ತಾಗಿ ತಾಗಿ ಉಬ್ಬುತ್ತದೆ, ಅಂಟಂಟಾಗುತ್ತದೆ. ಅದರ ಅಡಿಗೆ ನೀರು ಸೇರಿ ಒಳಗೊಳಗೇ ತುಕ್ಕು ಹಿಡಿಯುತ್ತದೆ, ನಮಗೆ ಕಾಣುವುದೂ ಇಲ್ಲ. ಪೂರ್ತಿ ಉಕ್ಕಿನ, ನಯವಾದ ಕ್ರೋಮ್ ಹಿಡಿ ನನಗೆ ಇಷ್ಟ. ಒಂದು ಸಲ ಬಟ್ಟೆಯಿಂದ ಒರೆಸಿದರೆ ಚೊಕ್ಕಟ. ಕ್ರೋಮ್ ಎಲ್ಲೂ ಗುಳ್ಳೆ ಎದ್ದಿರಬಾರದು, ಅಂಚು ಕೈಗೆ ಚುಚ್ಚಬಾರದು.

ಹೆಜ್ಜೆ 6: ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ

ಫೋಟೋ ನೋಡಿ ತರಿಸುವವರು ಈ ಹೆಜ್ಜೆ ಕಳೆದುಕೊಳ್ಳುತ್ತಾರೆ. ಸಾಧ್ಯ ಆದರೆ ಶಿರಸಿಯಲ್ಲೋ ಕುಮಟೆಯಲ್ಲೋ ಕಾರವಾರದಲ್ಲೋ ಹಾರ್ಡ್‌ವೇರ್ ಅಂಗಡಿಗೆ ನೀವೇ ಹೋಗಿ. ಹೋಗುವಾಗ ಜೇಬಿನಲ್ಲಿ ನಿಮ್ಮದೇ ಒಂದು ಸಾಕೆಟ್, ಒಂದು ಬೋಲ್ಟು, ಅದರ ನಟ್ಟು ಇಟ್ಟುಕೊಂಡು ಹೋಗಿ. ತಪಾರಿಯಾ, ಸ್ಟ್ಯಾನ್ಲಿ ಹೀಗೆ ಎರಡು ಮೂರು ಕಂಪನಿಯವನ್ನು ಮುಂದೆ ಇಟ್ಟುಕೊಂಡು ಒಂದೊಂದಾಗಿ ನೋಡಿ.

ಮೊದಲು ಸಾಕೆಟ್ ಹಾಕಿ. ಟಕ್ ಅಂತ ಕೂರಬೇಕು. ಕೆಳಗೆ ಮಾಡಿ ಅಲ್ಲಾಡಿಸಿದರೆ ಬೀಳಬಾರದು. ಸಾಕೆಟ್ ಹಿಡಿದು ಅಕ್ಕಪಕ್ಕ ಆಡಿಸಿ. ಸ್ವಲ್ಪ ಆಡುವುದು ಸಹಜ, ಗಡಗಡ ಅಂದರೆ ಬೇಡ.

ಆಮೇಲೆ ವಾಪಸು ಎಳೆತದ ಪರೀಕ್ಷೆ. ಇದನ್ನು ಯಾರೂ ಮಾಡುವುದಿಲ್ಲ, ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಪರೀಕ್ಷೆ. ಬೋಲ್ಟಿಗೆ ನಟ್ಟನ್ನು ಕೈಯಲ್ಲೇ ಸಡಿಲವಾಗಿ ಹಾಕಿ. ಬೋಲ್ಟನ್ನು ಎಡಗೈಯಲ್ಲಿ ಹಿಡಿದು ನಟ್ಟಿನ ಮೇಲೆ ರ್ಯಾಚೆಟ್ ಇಟ್ಟು ಆಡಿಸಿ. ಹಿಡಿ ವಾಪಸು ಬರುವಾಗ ನಟ್ಟು ನಿಂತೇ ಇರಬೇಕು. ಹಿಡಿಯ ಜೊತೆ ನಟ್ಟೂ ತಿರುಗಿ ಬಂದರೆ ಆ ರ್ಯಾಚೆಟ್ಟಿನ ಸ್ಪ್ರಿಂಗು ಬಿಗಿ ಜಾಸ್ತಿ ಅಥವಾ ಹಲ್ಲು ಒರಟು. ಸಡಿಲಾದ ಬೋಲ್ಟಿನ ಮೇಲೆ ಅದು ನಿಮಗೆ ದಿನಾ ಬೇಸರ ತರಿಸುತ್ತದೆ. ಬಿಚ್ಚಿದ್ದನ್ನೇ ಮತ್ತೆ ಬಿಗಿಯುತ್ತ ಕೂರಬೇಕಾಗುತ್ತದೆ.

ಕಿವಿಯ ಹತ್ತಿರ ಹಿಡಿದು ಒಂದು ಸುತ್ತು ಪೂರ್ತಿ ತಿರುಗಿಸಿ. ಕಟಕಟ ಒಂದೇ ಸಮ ಬರಬೇಕು. ನಡುವೆ ಒಂದು ಕಡೆ ಸದ್ದು ಬದಲಾದರೆ, ಅಥವಾ ಒಂದು ಹಲ್ಲು ತಪ್ಪಿದಂತೆ ಅನ್ನಿಸಿದರೆ, ಬೇರೆ ತುಂಡು ಕೊಡಿ ಅನ್ನಿ. ಒಂದೇ ಕಂಪನಿಯ ಒಂದೇ ಮಾದರಿಯಲ್ಲೂ ತುಂಡಿಗೂ ತುಂಡಿಗೂ ವ್ಯತ್ಯಾಸ ಇರುತ್ತದೆ. ಇದನ್ನು ಎರಡೂ ದಿಕ್ಕಿನಲ್ಲಿ ಮಾಡಿ. ಬಿಗಿಯುವ ಕಡೆ ಚೆನ್ನಾಗಿದ್ದು ಬಿಚ್ಚುವ ಕಡೆ ಒರಟಾಗಿರುವವು ಇರುತ್ತವೆ.

ಕೊನೆಗೆ, ಕೈಗೆ ಒಂದು ತೊಟ್ಟು ತೆಂಗಿನೆಣ್ಣೆ ಹಚ್ಚಿಕೊಂಡು ಲಿವರ್ ಬದಲಿಸಿ ನೋಡಿ. ಒಂದೇ ಕೈಯಲ್ಲಿ, ನೋಡದೆ. ಅಂಗಡಿಯವರು ಏನೆಂದುಕೊಂಡಾರು ಅಂತ ಸಂಕೋಚ ಬೇಡ. ನೀವು ಕೆಲಸ ಮಾಡುವುದು ಎಣ್ಣೆ ಕೈಯಲ್ಲೇ ಅಲ್ವಾ? ಆಮೇಲೆ ಒರೆಸಿ ವಾಪಸು ಕೊಟ್ಟರಾಯಿತು.

ಹೆಜ್ಜೆ 7: ಜೊತೆಗೆ ಏನೇನು ಬೇಕು

ಸಾಕೆಟ್ ಆರು ಮೂಲೆಯದು ತಗೊಳ್ಳಿ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ಹಿಡಿತ ಬೋಲ್ಟಿನ ಮೂಲೆಗೆ ಹತ್ತಿರ ಇರುತ್ತದೆ. ತುಕ್ಕು ತಿಂದ ಬೋಲ್ಟಿನಲ್ಲಿ ಆ ಮೂಲೆಯೇ ಮೊದಲು ಹೋಗಿರುತ್ತದೆ. ನಮ್ಮ ಕರಾವಳಿಯ ಬೋಲ್ಟುಗಳಿಗೆ ಆರು ಮೂಲೆಯೇ ಸರಿ. 10, 12, 13ರಲ್ಲಿ ಉದ್ದ ಸಾಕೆಟ್ ಕೂಡ ಒಂದೊಂದು ಇರಲಿ. ರ್ಯಾಚೆಟ್ಟಿಗೂ ಸಾಕೆಟ್ಟಿಗೂ ನಡುವೆ ಹಾಕುವ ಸರಳು, ಅಂದರೆ ಎಕ್ಸ್‌ಟೆನ್ಷನ್, 75 ಮತ್ತು 150 ಎಂಎಂ ಎರಡೂ ಬೇಕು. ಪ್ಲಗ್ ಬಿಚ್ಚಲು 16, 19, 21 ಅಂತ ಬೇರೆ ಬೇರೆ ಅಳತೆ ಬರುತ್ತದೆ. ನಿಮ್ಮ ಯಂತ್ರದ ಪ್ಲಗ್ ನೋಡಿ ಕೊಳ್ಳಿ.

ಇದರ ಜೊತೆಗೆ ಅದೇ ಡ್ರೈವಿನ ಒಂದು ಗಟ್ಟಿ ಹ್ಯಾಂಡಲ್ ಕೊಳ್ಳಲೇಬೇಕು. ಟಿ ಹ್ಯಾಂಡಲ್ ಆದರೂ ಸರಿ, ಎಲ್ ಹ್ಯಾಂಡಲ್ ಆದರೂ ಸರಿ. ಒಳಗೆ ಹಲ್ಲು, ಕೊಕ್ಕೆ ಏನೂ ಇರದ ಬರೀ ಉಕ್ಕು. ಯಾಕೆ ಅಂತ ಈಗ ಹೇಳುತ್ತೇನೆ.

ಹೆಜ್ಜೆ 8: ರ್ಯಾಚೆಟ್ ಹಾಕಬಾರದ ಕಡೆ

ಬಂದರಿನಲ್ಲಿ ಕಲಿಯುತ್ತಿದ್ದ ದಿನಗಳು. ಗೇರ್ ಬಾಕ್ಸಿನ ಒಂದು ಬೋಲ್ಟು ಕದಲುತ್ತಿರಲಿಲ್ಲ. ನಾನು ರ್ಯಾಚೆಟ್ ಹಿಡಿಗೆ ಒಂದು ಜಿ.ಐ. ಪೈಪು ತೂರಿಸಿ ಎಳೆದೆ. ಪಕ್ಕದ ಬೋಟಿನ ಹಿರಿಯ ಮೆಕ್ಯಾನಿಕ್ ನೋಡಿ ಕೂಗಿದರು, 'ತಮಾ, ಎಂತಕ್ಕೆ ಅದಕ್ಕೆ ಪೈಪು ಹಾಕ್ತೆ? ಬಿಡು, ಎಲ್ ಹ್ಯಾಂಡಲ್ ತಗೋ!' ಅವರ ಮಾತು ಮುಗಿಯುವ ಮೊದಲೇ ಒಳಗೆ ಫಟ್ ಅಂತು. ಕೊಕ್ಕೆ ಹೋಯಿತು. ಹಿಡಿ ಏಕಾಏಕಿ ಖಾಲಿ ಸುತ್ತಿತು. ನನ್ನ ಕೈ ನೇರ ಎಂಜಿನ್ ಫೌಂಡೇಶನ್ನಿಗೆ ಹೋಗಿ ಬಡಿಯಿತು. ಬೆರಳ ಗೆಣ್ಣು ಎರಡು ಒಡೆದವು, ಹೊಲಿಗೆ ಹಾಕಿಸಬೇಕಾಯಿತು. ಆ ಹಿರಿಯರೇ ಬಟ್ಟೆ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಸ್ಪ್ಯಾನರ್ ಜಾರುವುದಾದರೆ ಮೊದಲೇ ಕೈಗೆ ಸ್ವಲ್ಪ ಗೊತ್ತಾಗುತ್ತದೆ. ರ್ಯಾಚೆಟ್ ಹಾಗಲ್ಲ. ಕೊಕ್ಕೆ ತುಂಡಾಗುವ ಮೊದಲು ಯಾವ ಸೂಚನೆಯೂ ಸಿಗುವುದಿಲ್ಲ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ತುಕ್ಕು ಹಿಡಿದ ಬೋಲ್ಟಿನ ಸುತ್ತ ಮೊದಲು ತಂತಿ ಬ್ರಷ್ ಹಾಕಿ ಉಪ್ಪು, ಕಸ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ. ಹಾಕಿದ ತಕ್ಷಣ ಎಳೆಯಬೇಡಿ, ಕನಿಷ್ಠ ಅರ್ಧ ಗಂಟೆ ಬಿಡಿ. ಆಗದಿದ್ದರೆ ಒಂದು ರಾತ್ರಿ ಬಿಡಿ. ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಸಣ್ಣಗೆ ನಾಲ್ಕು ಏಟು ಹಾಕಿ, ಎಣ್ಣೆ ತ್ರೆಡ್ಡಿಗೆ ಇಳಿಯುತ್ತದೆ. ಆಮೇಲೆ ಎಲ್ ಹ್ಯಾಂಡಲ್ಲಿನಲ್ಲಿ ಅಥವಾ ರಿಂಗ್ ಪಾನಾದಲ್ಲಿ ಮೊದಲ ಕಾಲು ಸುತ್ತು ಬಿಚ್ಚಿ. ಬೋಲ್ಟು ಒಮ್ಮೆ ಸಡಿಲಾದ ಮೇಲೆ ರ್ಯಾಚೆಟ್ ಹಾಕಿ. ಅಲ್ಲಿಂದ ಅದರ ಕೆಲಸ.

ಬಿಗಿಯುವಾಗ ಇದು ತಿರುಗುಮುರುಗು. ಮೊದಲು ಬೋಲ್ಟನ್ನು ಬೆರಳಲ್ಲೇ ಎರಡು ಮೂರು ಸುತ್ತು ಹಾಕಿ, ತ್ರೆಡ್ ಸರಿ ಕೂತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ರ್ಯಾಚೆಟ್. ಕೊನೆಯ ಬಿಗಿ, ಅದರಲ್ಲೂ ಸಿಲಿಂಡರ್ ಹೆಡ್ ಮತ್ತು ಚಕ್ರದ ನಟ್ಟುಗಳದ್ದು, ಟಾರ್ಕ್ ರೆಂಚಿನಲ್ಲಿ, ಅಂದರೆ ಎಷ್ಟು ಬಿಗಿ ಆಯಿತು ಅಂತ ಅಳೆದು ಹೇಳುವ ಪಾನಾದಲ್ಲಿ. ಚಕ್ರದ ನಟ್ಟಿಗೆ 100 ನ್ಯೂಟನ್ ಮೀಟರ್ ಬೇಕು ಅಂದುಕೊಳ್ಳಿ. 25 ಸೆಂಟಿಮೀಟರ್ ರ್ಯಾಚೆಟ್ಟಿನ ತುದಿಗೆ ಆಗ 40 ಕೆಜಿ ಜೋರು ಬೇಕು. ಕೂತು ಎಳೆಯುವವನು ಆ ಜೋರನ್ನು ಅಂದಾಜಿನ ಮೇಲೆ ಸರಿಯಾಗಿ ಕೊಡಲು ಆಗುವುದಿಲ್ಲ. ದೇವಿಮನೆ ಘಾಟಿ ಇಳಿಯುವ ಗಾಡಿಯ ಚಕ್ರ ಅದು, ಅಂದಾಜು ಬೇಡ.

ಇನ್ನೊಂದು ಮಾತು ಕಳೆ ಕೊಚ್ಚುವ ಯಂತ್ರದವರಿಗೆ. ಬ್ಲೇಡ್ ಹಿಡಿದಿರುವ ನಟ್ಟು ಹೆಚ್ಚಿನ ಯಂತ್ರಗಳಲ್ಲಿ ಎಡ ತ್ರೆಡ್ಡಿನದು. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ರೂಢಿಯಂತೆ ಲಿವರ್ ಇಟ್ಟು ಎಳೆದರೆ ಅದು ಇನ್ನೂ ಬಿಗಿಯುತ್ತದೆ. ನಟ್ಟು ಗಟ್ಟಿ ಇದೆ ಅಂತ ಜೋರು ಹಾಕುವ ಮೊದಲು ದಿಕ್ಕು ನೋಡಿ.

ಹೆಜ್ಜೆ 9: ಉಪ್ಪು, ಮಳೆ, ಮೈಲುತುತ್ತ

ಒಳ್ಳೆಯ ರ್ಯಾಚೆಟ್ ಕ್ರೋಮ್ ವನಾಡಿಯಂ ಉಕ್ಕಿನದು, ಮೇಲೆ ಕ್ರೋಮ್ ಲೇಪ. ಲೇಪ ಇರುವ ತನಕ ಹೊರಮೈಗೆ ಭಯ ಇಲ್ಲ. ಒಳಗಿನ ಚಕ್ರ, ಕೊಕ್ಕೆ, ಸ್ಪ್ರಿಂಗಿಗೆ ಆ ಲೇಪದ ರಕ್ಷಣೆ ಇಲ್ಲ, ಅಲ್ಲಿ ಎಣ್ಣೆಯೇ ಗತಿ. ನಮ್ಮ ಕಡೆ ತುಕ್ಕು ಶುರು ಆಗುವುದು ಒಳಗಿನಿಂದ.

ಸಮುದ್ರದ ನೀರಿಗೆ ಬಿದ್ದರೆ ಅದೇ ದಿನ ಸಿಹಿ ನೀರಲ್ಲಿ ತೊಳೆಯಿರಿ. 'ಎಣ್ಣೆ ಹಾಕಿದ್ದೇನೆ' ಅಂತ ಬಿಡಬೇಡಿ. ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಮೊದಲು ಸಿಹಿ ನೀರು, ಆಮೇಲೆ ಒಣಗಿಸಿ ಡೀಸೆಲ್, ಆಮೇಲೆ ಎಣ್ಣೆ.

ಅಡಿಕೆ ತೋಟದವರಿಗೆ ಬೇರೆ ಕಾಟ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಪಂಪು ಕೈಕೊಟ್ಟಾಗ ಅದೇ ಕೈಯಲ್ಲಿ ಪಾನಾ ಹಿಡಿಯುತ್ತೇವೆ. ಮೈಲುತುತ್ತದ ನೀರು ಉಕ್ಕಿಗೆ ತಾಗಿದರೆ ತಾಮ್ರ ಉಕ್ಕಿನ ಮೇಲೆ ಕೂರುತ್ತದೆ, ಉಕ್ಕು ಕರಗಿ ಹೋಗುತ್ತದೆ. ಕ್ರೋಮ್ ಸವೆದ ಜಾಗದಲ್ಲಿ ಕೆಂಪು ಮಚ್ಚೆ ಕಂಡರೆ ಅದು ತುಕ್ಕೇ ಆಗಬೇಕಿಲ್ಲ, ತಾಮ್ರವೂ ಇರಬಹುದು. ಔಷಧಿ ಹೊಡೆಯುವ ದಿನ ಪಂಪು ಮುಟ್ಟುವ ಮೊದಲು ಕೈ ತೊಳೆದುಕೊಳ್ಳಿ, ಕೆಲಸ ಮುಗಿದ ಮೇಲೆ ರ್ಯಾಚೆಟ್ಟನ್ನೂ ತೊಳೆಯಿರಿ.

ತಲೆ ಬಿಚ್ಚುವುದು ಹೀಗೆ. ಅಗಲವಾದ ತಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ. ಸ್ಕ್ರೂ ತೆಗೆದು ಮುಚ್ಚಳವನ್ನು ನಿಧಾನ ಎತ್ತಿ. ಏನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೊಕ್ಕೆಯ ಹಿಂದಿನ ಸ್ಪ್ರಿಂಗು, ಸಣ್ಣ ಗುಂಡು ಹಾರಿಹೋಗುತ್ತವೆ, ಒಂದು ಕೈ ಅಡ್ಡ ಇರಲಿ. ಎಲ್ಲವನ್ನೂ ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಕೊಕ್ಕೆಯ ಹಲ್ಲಿನ ತುದಿ ನೋಡಿ. ಚೂಪಾಗಿದ್ದರೆ ಸರಿ. ದುಂಡಾಗಿ ಹೊಳೆಯುತ್ತಿದ್ದರೆ ಕಿಟ್ ತರಿಸುವ ಸಮಯ ಬಂದಿದೆ. ಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ಒಣಗಲು ಬಿಡಿ.

ಕೂಡಿಸುವಾಗ ಗಟ್ಟಿ ಗ್ರೀಸು ತುಂಬಬೇಡಿ. ತುಂಬಾ ಜನ ಇಲ್ಲೇ ತಪ್ಪುತ್ತಾರೆ. ಗ್ರೀಸು ಜಾಸ್ತಿ ಆದರೆ ಕೊಕ್ಕೆ ಹಲ್ಲಿಗೆ ಬೀಳುವುದು ತಡವಾಗುತ್ತದೆ, ಜಾರುತ್ತದೆ. ತೆಳು ಎಣ್ಣೆ ನಾಲ್ಕು ಹನಿ, ಅಥವಾ ಉಗುರ ತುದಿಯಷ್ಟು ಮೆತ್ತನೆಯ ಗ್ರೀಸು ಹಲ್ಲಿಗೆ ಸವರಿದರೆ ಸಾಕು.

ಮಳೆಗಾಲದಲ್ಲಿ ಟೂಲ್ ಪೆಟ್ಟಿಗೆಯನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಒದ್ದೆ ಬಟ್ಟೆಯನ್ನು ಒಳಗೇ ಬಿಟ್ಟು ಮುಚ್ಚಬೇಡಿ. ನಾನು ಜೂನ್‌ನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆಯನ್ನು ಬಚ್ಚಲೊಲೆಯ ಆಚೆಗಿನ ಬೆಚ್ಚಗಿನ ಅಟ್ಟದ ಮೇಲೆ ಇಡುತ್ತೇನೆ. ಅಡಿಕೆ ಒಣಗುವ ಜಾಗದಲ್ಲಿ ಉಕ್ಕೂ ಒಣಗಿಯೇ ಇರುತ್ತದೆ.

ತಲೆ ಬಿಚ್ಚುವುದು ನಾನು ವರ್ಷಕ್ಕೆ ಎರಡು ಸಲ. ಒಂದು ಮೇ ಕೊನೆಗೆ, ಮಳೆ ಹಿಡಿಯುವ ಮೊದಲು. ಇನ್ನೊಂದು ಆಯುಧ ಪೂಜೆಯ ಹಿಂದಿನ ದಿನ, ಹೇಗೂ ಎಲ್ಲ ತೊಳೆಯುವುದು ಇದ್ದೇ ಇದೆ. ಬೋಟಿನ ಕೆಲಸ ಮಾಡುವವರು ಎರಡು ತಿಂಗಳಿಗೊಮ್ಮೆ ಮಾಡಿ. ಕೂಡಿಸಿದ ಮೇಲೆ ಕಿವಿಯ ಹತ್ತಿರ ಹಿಡಿದು ಎರಡೂ ದಿಕ್ಕಿಗೆ ಒಂದೊಂದು ಸುತ್ತು ತಿರುಗಿಸಿ. ಅಂಗಡಿಯಲ್ಲಿ ಮೊದಲ ದಿನ ಕೇಳಿದ ಅದೇ ಸದ್ದು ಬಂದರೆ ಸರಿ. ಬರದಿದ್ದರೆ ಸ್ಪ್ರಿಂಗು ತಿರುಗುಮುರುಗಾಗಿ ಕೂತಿದೆ, ಫೋಟೋ ನೋಡಿಕೊಂಡು ಇನ್ನೊಮ್ಮೆ ಬಿಚ್ಚಿ.